ದೋರನಹಳ್ಳಿಯಿಂದ ಟೇಲರ್ ಮಂಜಿಲ್‌ಗೆ

"ನಿಮ್ಮೂರು ದೋರನಹಳ್ಳೀನಾ? ಸಂತ ಅಂತೋನಿಯವರ ಊರಲ್ವಾ ಅದು?"

ಗೆಳತಿಯ ಅಮ್ಮ ಫೋನಿನಲ್ಲಿ ಮೊದಲ ಸಲ ಮಾತಾಡಿದಾಗ ಕೇಳಿದ್ದು ಇದನ್ನೇ. ಅವರ ದನಿಯಲ್ಲಿದ್ದ ಖುಷಿಗೆ ಹೌದು ಅಂದುಬಿಡೋಣ ಅನಿಸಿತ್ತು. ಅವರು ಹೇಳಿದ್ದು ಮೈಸೂರು ಜಿಲ್ಲೆ ಕೆ.ಆರ್. ನಗರದ ಹತ್ತಿರದ ದೋರನಹಳ್ಳಿ. ಜೂನ್ 13ಕ್ಕೆ ಅಲ್ಲಿ ಅಂತೋನಿಯವರ ಹಬ್ಬ. 2019ರಲ್ಲಿ ಆ ಚರ್ಚಿಗೆ ಬಸಿಲಿಕ ಎಂಬ ಪಟ್ಟವೂ ಸಿಕ್ಕಿತು. ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿ. ಹತ್ತಿ, ತೊಗರಿ, ಬಿಸಿಲು.

ಆಕೆ ಕ್ರೈಸ್ತಳು. ನಮ್ಮದು ಜಾತಕ ನೋಡದೆ ಬೋರ್‌ವೆಲ್ ಕೂಡ ಕೊರೆಸದ ಮನೆ. ಕಳೆದ ಡಿಸೆಂಬರ್ ರಜೆಗೆ ಹೋದಾಗ ಅವ್ವ ಬ್ಯಾಗ್ ಇಳಿಸುವ ಮೊದಲೇ ಕೇಳಿದಳು, "ಆಕಿ ಹುಟ್ಟಿದ ವ್ಯಾಳ್ಯಾ ಬರಕೊಂಡು ಬಾ ಅಂದಿದ್ನೆಲ್ಲ, ತಂದಿಯೇನು?"

ನಾನು ತಂದಿದ್ದು ಬೇರೆ. ಗೆಳತಿ ಬಸ್ ಹತ್ತುವಾಗ ಒಂದು ಪಿಡಿಎಫ್ ಕಳಿಸಿದ್ದಳು. ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ. "ನಿಮ್ಮ ಕಡೆಯವನೇ, ಓದು" ಅಂತ ಮೆಸೇಜು. ರಾತ್ರಿಯಿಡೀ ಓದಿದೆ. ಮರುದಿನ ಬೆಳಿಗ್ಗೆ ಬೈಕ್ ತೆಗೆದುಕೊಂಡು ಸುರಪುರದ ದಾರಿ ಹಿಡಿದೆ.

ಶಹಾಪುರ ಬಂತೆಂದರೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ರೀಲ್ಸ್‌ನಲ್ಲಿ ನೀವೂ ನೋಡಿರುತ್ತೀರಿ. ಊರಿನ ಹತ್ತಿರದ ವಿಭೂತಿಹಳ್ಳಿಯಲ್ಲಿ ಇನ್ನೊಂದು ವಿಚಿತ್ರ ಇದೆ. ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟ ಹಾಗೆ ಇಟ್ಟಿದ್ದಾರೆ. ಇತಿಹಾಸಪೂರ್ವ ಕಾಲದ್ದು. ನಾವು ಹುಡುಗರಿದ್ದಾಗ ಅದು ಬರೀ ಕಲ್ಲು. ಸುಮಾರು 170 ವರ್ಷದ ಹಿಂದೆಯೇ ಅದನ್ನು ನೋಡಿ ಅಳೆದು ಬರೆದಿಟ್ಟವನು ಇದೇ ಟೇಲರ್.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು, ಹದಿನೈದನೇ ವಯಸ್ಸಿಗೇ ಮುಂಬಯಿಗೆ ಬಂದ. ಅಂಗಡಿ ಕೆಲಸ ಕೈಕೊಟ್ಟಿತು, ನಿಜಾಮನ ಸೈನ್ಯ ಸೇರಿದ. ಸರ್ವೆ, ರಸ್ತೆ, ಕೆರೆ ಕೆಲಸ ಎಲ್ಲ ತಾನೇ ಓದಿ ಕಲಿತದ್ದು. ನಾಲ್ಕು ವರ್ಷ ಫೀಸು ಕಟ್ಟಿ ಎಂಜಿನಿಯರ್ ಆದ ನನಗೆ ಇಲ್ಲಿ ಸ್ವಲ್ಪ ಮುಜುಗರ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನವನ್ನು ನೋಡಿಕೊಂಡ. ಪಟ್ಟಕ್ಕೆ ಬರಬೇಕಿದ್ದ ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಮಗು. ಆ ಹುಡುಗ ಇವನನ್ನು ಕರೆಯುತ್ತಿದ್ದುದು "ಅಪ್ಪಾ" ಅಂತ.

ಟೇಲರ್ ಮಂಜಿಲ್ ಇರುವುದು ಗುಡ್ಡದ ಮೇಲೆ. ಹೋಗಿ ಗೋಡೆಯ ನೆರಳಲ್ಲಿ ಕೂತೆ. ಕೆಳಗೆ ಸುರಪುರ, ಸುತ್ತ ಬಂಡೆಗಲ್ಲಿನ ಗುಡ್ಡಗಳು. ಅಲ್ಲಿ ನನ್ನ ತಲೆಯಲ್ಲಿದ್ದದ್ದು ಅವನ ಹೆಂಡತಿ ಮೇರಿ. ಹೈದರಾಬಾದಿನ ವ್ಯಾಪಾರಿ ವಿಲಿಯಂ ಪಾಮರ್‌ನ ಮಗಳು. ಆ ಪಾಮರ್‌ನ ತಾಯಿ ಫೈಜ್ ಬಕ್ಷ್ ಬೇಗಂ, ಮುಸ್ಲಿಂ ಹೆಣ್ಣುಮಗಳು. ಅಂದರೆ ಟೇಲರ್ ಪ್ರಾರ್ಥನೆಗೆ ಕೂರುತ್ತಿದ್ದ ಮನೆಯಲ್ಲೇ ಎರಡು ಧರ್ಮಗಳ ರಕ್ತ ಇತ್ತು. ಮೇರಿ 1844ರಲ್ಲಿ ತೀರಿಕೊಂಡಳು. ಅವನು ಮತ್ತೆ ಮದುವೆಯಾಗಲಿಲ್ಲ.

ಆಮೇಲೆ ಬರೆದ ಕಾದಂಬರಿಗಳನ್ನು ನೋಡಿ. 1863ರ 'ತಾರಾ'ದಲ್ಲಿ ತುಳಜಾಪುರದ ಭವಾನಿಗೆ ಮುಡಿಪಾದ ಬ್ರಾಹ್ಮಣ ವಿಧವೆ, ಅಫ್ಜಲ್ ಖಾನನ ಮಗನನ್ನು ಮದುವೆಯಾಗುತ್ತಾಳೆ. 1872ರ 'ಸೀತಾ'ದಲ್ಲಿ ಹಿಂದೂ ವಿಧವೆಯೊಬ್ಬಳು ಇಂಗ್ಲಿಷ್ ಅಧಿಕಾರಿಯ ಕೈಹಿಡಿಯುತ್ತಾಳೆ. ಕೊನೆಯ ಕಾದಂಬರಿ ಚಾಂದ್ ಬೀಬಿಯದು, ಅದರಲ್ಲಿ ಮುದಗಲ್ಲಿನ ಕ್ರೈಸ್ತರೂ ಬರುತ್ತಾರೆ. ಮೇರಿಯ ಅಜ್ಜಿಯಿಂದಲೇ ಇದೆಲ್ಲ ಬಂತು ಅನ್ನುವುದು ನನ್ನ ಊಹೆ, ಅವನು ಹಾಗೆ ಬರೆದಿಲ್ಲ.

ಹಾಗಂತ ಅವನನ್ನು ದೇವರು ಮಾಡಬೇಕಿಲ್ಲ. ಅವನು ಬ್ರಿಟಿಷರ ಅಧಿಕಾರಿಯೇ. ನಮ್ಮ ಪೂಜೆ, ಹರಕೆಗಳನ್ನು ಅಳೆಯುವಾಗ ಕೈಯಲ್ಲಿರುವುದು ಅವನ ಧರ್ಮದ್ದೇ ಅಳತೆಗೋಲು, ಎಷ್ಟೋ ಕಡೆ ಅವನ್ನು ಮೂಢನಂಬಿಕೆಯಾಗಿಯೇ ಕಾಣುತ್ತಾನೆ. ಆದರೆ ಭವಾನಿಯ ಮುಂದೆ ನಿಂತು ಅಳುವವಳನ್ನು ನೋಡಿ ನಗುವುದಿಲ್ಲ. ಅವಳಿಗೆ ದೇವಿ ನಿಜ ಅನ್ನುವುದನ್ನು ಒಪ್ಪಿಕೊಂಡೇ ಬರೆಯುತ್ತಾನೆ. ಸುರಪುರದಲ್ಲಿ ಅಷ್ಟು ವರ್ಷ ಬದುಕದೆ ಇದು ಬರುತ್ತಿತ್ತಾ ಅನ್ನುವುದು ನನ್ನ ಅನುಮಾನ.

ನನ್ನನ್ನು ಕಾಡಿದ್ದು ಜಾತಕದ ಕಥೆ. ರಾಜನಿಗೆ ಇಪ್ಪತ್ನಾಲ್ಕನೇ ವರ್ಷದಲ್ಲಿ ಸಾವು ಅಂತ ಜಾತಕದಲ್ಲಿ ಬರೆದಿತ್ತಂತೆ. ಗೊತ್ತಿದ್ದ ಕೆಲವೇ ಜನರಲ್ಲಿ ಟೇಲರ್ ಒಬ್ಬ. ಅವನು ನಂಬಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ, ಸಿಕ್ಕಿಬಿದ್ದ. ಜೈಲಿನಲ್ಲಿ ಟೇಲರ್‌ನನ್ನು ಕಂಡಾಗಲೂ "ಅಪ್ಪಾ" ಅಂತಲೇ ಕರೆದ. ಮರಣದಂಡನೆ ತಪ್ಪಿ ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಜಾತಕ ಸೋತಿತು ಅಂದುಕೊಂಡ ಟೇಲರ್. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ರಾಜ ಸತ್ತ. ತಾನೇ ಹೊಡೆದುಕೊಂಡನೋ, ಇನ್ನೇನೋ, ನಮ್ಮ ಕಡೆ ಒಬ್ಬೊಬ್ಬರದು ಒಂದೊಂದು ಮಾತು.

ಜಾತಕ ನಂಬದ ಕ್ರೈಸ್ತ ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ತನ್ನ ನಂಬಿಕೆಗೆ ಒಗ್ಗದ್ದನ್ನೂ ಆದ ಹಾಗೆಯೇ ಬರೆದಿಟ್ಟ. 1876ರಲ್ಲಿ ಅವನು ತೀರಿಕೊಂಡ ಮೇಲೆ ಮಗಳು ಆಲಿಸ್ ಅದನ್ನು ಪುಸ್ತಕ ಮಾಡಿದಳು.

ಸಂಜೆ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಬೇರೆ ಬೇರೆ ಧರ್ಮದವರೂ ಸಂಸಾರ ಮಾಡಿದ್ದಾರೆ ಅಂತ ತೋರಿಸುವುದು ನನ್ನ ಲೆಕ್ಕ. ಅವ್ವ ಹಿಡಿದುಕೊಂಡದ್ದು ಬೇರೆಯದನ್ನೇ.

"ನೋಡು, ಇಪ್ಪತ್ನಾಕಕ್ಕ ಅಂದ್ರ ಇಪ್ಪತ್ನಾಕಕ್ಕ! ಸಾಹೇಬನೇ ಬರದಾನ. ಜಾತಕ ಸುಳ್ಳಂತೀಯಲ್ಲ ನೀ."

ನಾನು ತಂದ ಸಾಕ್ಷಿ ನನಗೇ ತಿರುಗಿಬಿತ್ತು. ಸುಮ್ಮನೆ ಫೋನ್ ನೋಡುತ್ತಾ ಕೂತೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಆ ಸಾಹೇಬನ ಹೇಣ್ತಿ ಸತ್ತಾಗ ಮಕ್ಕಳು ಸಣ್ಣವಿದ್ವೇನು?"

"ಹೂಂ."

ಇನ್ನೊಂದು ರೊಟ್ಟಿ ಹೆಂಚಿಗೆ ಹಾಕಿದಳು.

"ಈಕಿ ಜ್ವಾಳದ ರೊಟ್ಟಿ ತಿಂತಾಳೇನು, ಬರೇ ಅನ್ನಾನೋ?"