ತೊಡೆಸಂದಿನ ನೋವು

ನಮ್ಮ ಕೈವಾರವೇ ಏಕಚಕ್ರಪುರವೆಂದೂ, ಭೀಮಸೇನನು ಬಕಾಸುರನನ್ನು ಕೊಂದುದು ಇಲ್ಲಿಯೇ ಎಂದೂ ಪ್ರತೀತಿ. ಉಪಾಧ್ಯಾಯರಾಗಿದ್ದಾಗ, ಕಾಲ್ಚೆಂಡಾಟದಲ್ಲಿ ಹೆಜ್ಜೆ ಕುಗ್ಗಿಸಿ ಓಡುತ್ತಿದ್ದ ಹುಡುಗನೊಬ್ಬನನ್ನು “ಭೀಮನ ಊರಿನವನಿಗೆ ಇಷ್ಟು ಸೋಮಾರಿತನವೇ?” ಎಂದು ನಾವು ಗದರಿದೆವು. ಅವನು ತೊಡೆಸಂದನ್ನು ಒತ್ತಿ ಹಿಡಿದು ಸುಮ್ಮನಾದನು.

ಓಟದಲ್ಲಿ ಎರಡು ಪಾದಗಳೂ ಒಟ್ಟಿಗೆ ನೆಲದ ಮೇಲಿರುವ ಕ್ಷಣವೇ ಇಲ್ಲ. ದೇಹದ ತೂಕಕ್ಕೆ ಎರಡು ಮೂರು ಪಟ್ಟಾದ ಬಲವನ್ನು ಪ್ರತಿ ಹೆಜ್ಜೆಯಲ್ಲಿಯೂ ಒಂದೇ ಕಾಲು ತಾಳಬೇಕು. ಆಗ ಸೊಂಟವು ಓರೆಯಾಗದಂತೆ ಹಿಡಿಯತಕ್ಕವು ಅದರ ಪಕ್ಕದ ಮತ್ತು ಒಳತೊಡೆಯ ಸ್ನಾಯುಗಳು. ಚೆಂಡನ್ನೊದೆಯುವಾಗ, ತಟ್ಟನೆ ದಿಕ್ಕು ತಿರುಗುವಾಗ ಒಳತೊಡೆಗೆ ಶ್ರಮವು ಇನ್ನೂ ಅಧಿಕ. ಅಲ್ಲಿ ನೋವಾದರೆ ದೇಹವು ತಾನಾಗಿಯೇ ಹೆಜ್ಜೆಯನ್ನು ಕುಗ್ಗಿಸಬಹುದು. ಅದು ಸೋಮಾರಿತನವಲ್ಲ, ಆತ್ಮರಕ್ಷಣೆ.

ಸುಶ್ರುತನು ವಂಕ್ಷಣದ ಬಳಿ ಮರ್ಮಸ್ಥಾನವನ್ನು ಹೇಳಿರುವುದನ್ನು ಓದಿಯೂ ನಮಗಿದು ಹೊಳೆಯಲಿಲ್ಲ. 2019ರಲ್ಲಿ ಪ್ರಕಟವಾದ ನಾರ್ವೆ ದೇಶದ ಪರೀಕ್ಷೆಯೊಂದರಲ್ಲಿ, ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಜೊತೆಗಾರನ ಕೈಗಿತ್ತು ದೇಹವನ್ನೆತ್ತುವ ವ್ಯಾಯಾಮ ಮಾಡಿದ ಆಟಗಾರರಲ್ಲಿ ಈ ತೊಂದರೆಯ ಸಂಭವವು ಶೇಕಡಾ 41ರಷ್ಟು ಕಡಿಮೆಯಾಯಿತು.

ಗೃಹಸ್ಥರೇ, ಮಗುವಿನ ನಡೆ ಬದಲಾದರೆ ಗದರುವ ಮುನ್ನ ಎಲ್ಲಿ ನೋವೆಂದು ಕೇಳಿರಿ. ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಿರಿ. ಆ ಹುಡುಗನನ್ನು ನಾವು ಕೇಳಲಿಲ್ಲ.