ಅಂಚೆಯ ಕಾಲೇಜು

ಹೋದ ವರ್ಷ ಶಾಲೆ ತೆರೆದ ಮೊದಲ ವಾರವೆಂದು ತೋರುತ್ತದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಹಾಜರಿಯ ಪುಸ್ತಕವನ್ನು ನಮ್ಮ ಕೈಗೆ ಕೊಡುತ್ತ, "ಸರ, ನೀವು ಯಾವ ಕಾಲೇಜಿನಾಗ ಕಲ್ತೀರಿ?" ಎಂದು ಕೇಳಿದನು.

ಪ್ರಶ್ನೆಯಲ್ಲಿ ಕಪಟವೇನೂ ಇರಲಿಲ್ಲ. ಅವನ ಅಣ್ಣ ಆಗತಾನೇ ಹತ್ತನೆಯ ತರಗತಿ ಮುಗಿಸಿದ್ದನು. ಅವನನ್ನು ಮುಂದೆ ಎಲ್ಲಿಗೆ ಕಳುಹಿಸಬೇಕೆಂದು ಮನೆಯಲ್ಲಿ ಮಾತು ನಡೆದಿದ್ದಿರಬೇಕು. ಮೇಷ್ಟರಾದವರೆಲ್ಲ ಕಾಲೇಜಿನಿಂದಲೇ ಬಂದಿರುತ್ತಾರೆಂಬುದು ಮಕ್ಕಳ ನಂಬಿಕೆ. ನಮಗೋ ಬಾಯಿ ಕಟ್ಟಿತು. ಸ್ವಲ್ಪ ಹೊತ್ತು ಹಾಜರಿಯ ಪುಸ್ತಕವನ್ನು ಸುಮ್ಮನೆ ತಿರುವಿಹಾಕಿ, "ಅಂಚೆಯ ಕಾಲೇಜಪ್ಪ" ಎಂದೆವು. ಅದು ಯಾವುದೋ ಊರಿನ ಹೆಸರೆಂದು ತಿಳಿದು ಅವನು ತಲೆಯಾಡಿಸಿ ಹೋದನು. ಅಂದು ಅವನಿಗೆ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಸಂಪಾದಕರು ಎರಡು ಪುಟವೆಂದು ಅಪ್ಪಣೆ ಕೊಡಿಸಿದ್ದಾರೆ, ಮೂರಾದರೆ ಮನ್ನಿಸಬೇಕು.

ನಮ್ಮದು ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ಮಳೆ ಕೈಕೊಟ್ಟಿತು. ಸೋದರಮಾವ ಆಗಲೇ ಮಕರಪುರದ ಜಿ.ಐ.ಡಿ.ಸಿ.ಯಲ್ಲಿ ಲೇತ್ ಯಂತ್ರದ ಮೇಲೆ ದುಡಿಯುತ್ತಿದ್ದರು. ಅವರ ಬೆನ್ನು ಹಿಡಿದು ಬಂದ ನಾವು ನಾಲ್ಕು ವರ್ಷ ಒಂದು ಗೋದಾಮಿನಲ್ಲಿ ಬೋಲ್ಟುಗಳನ್ನು ಎಣಿಸಿದೆವು. ಆಮೇಲೆ ಈ ಶಾಲೆಯ ಕಚೇರಿಯಲ್ಲಿ ಕೆಲಸ ದೊರೆಯಿತು. ಒಂದು ವರ್ಷ ಕನ್ನಡದ ಉಪಾಧ್ಯಾಯರು ನಡುವೆಯೇ ಊರಿಗೆ ಹೊರಟುಹೋದರು. "ಹತ್ತು ದಿನ ತರಗತಿ ನೋಡಿಕೊಳ್ಳಿ" ಎಂದು ಹಿರಿಯರು ಹೇಳಿದರು. ಆ ಹತ್ತು ದಿನ ಇನ್ನೂ ಮುಗಿದಿಲ್ಲ.

ಆದರೆ ಸಂಬಳದ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಈಗಲೂ 'ಕಚೇರಿ ಸಹಾಯಕ' ಎಂದೇ ಇದೆ. ಅದು ಶಾಲೆಯ ತಪ್ಪಲ್ಲ. ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಬಂದಿತು. ತರಬೇತಿಯಿಲ್ಲದೆ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುತ್ತಿದ್ದವರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕೆಂದು 2017ರಲ್ಲಿ ತಿದ್ದುಪಡಿಯಾಯಿತು. ಹತ್ತನೆಯ ತರಗತಿಯಲ್ಲಿಯೇ ನಿಂತಿದ್ದ ನಮಗೆ ಆ ತರಬೇತಿಯ ಬಾಗಿಲೂ ತೆರೆಯುವಂತಿರಲಿಲ್ಲ. ಕಾಯಿದೆಯನ್ನು ನಾವು ದೂರುವವರಲ್ಲ. ನಮ್ಮ ಮಗಳಿಗೆ ಪಾಠ ಹೇಳುವವರು ಕಲಿತವರಾಗಿರಲಿ ಎಂದು ನಾವೂ ಬಯಸುತ್ತೇವಲ್ಲವೆ? ಆದರೂ ಕಪ್ಪು ಹಲಗೆಯ ಮುಂದೆ ನಿಂತಾಗಲೆಲ್ಲ, ಟಿಕೆಟ್ಟಿಲ್ಲದೆ ರೈಲು ಹತ್ತಿದವನ ಅಳುಕೊಂದು ಒಳಗೆ ಇದ್ದೇ ಇತ್ತು.

ಈ ಅಳುಕೇ ನಮ್ಮನ್ನು ಮೊದಲು ಹಳ್ಳಕ್ಕೆ ಕೆಡವಿತು. 2016ರಲ್ಲಿ ಪೇಟೆಯ ಮಹಡಿಯೊಂದರ ಮೇಲೆ, ಒಂದೇ ವರ್ಷದಲ್ಲಿ ಬಿ.ಎ. ಕೊಡಿಸುವೆವೆಂದು ಹಲಗೆ ತೂಗುಹಾಕಿದ ಕೋಣೆಯೊಂದಿತ್ತು. ಒಳಗೆ ತಣ್ಣನೆಯ ಗಾಳಿ, ಗಾಜಿನ ಮೇಜು, ಬಹಳ ವಿನಯದ ಒಬ್ಬ ತರುಣ. ಪಿ.ಯು.ಸಿ. ಆಗಿಲ್ಲವಲ್ಲ ಎಂದು ನಾವು ಹೇಳಿದರೆ, "ಅದನ್ನೂ ಮಾಡಿಕೊಡೋಣ" ಎಂದನು. ಮೂರು ವರ್ಷದ ಓದನ್ನು ಒಂದು ವರ್ಷಕ್ಕೆ ಇಳಿಸುವ ವಿದ್ಯೆ ಯಾವುದೆಂದು ಆಗಲೇ ಕೇಳಬೇಕಾಗಿತ್ತು, ನಾವು ಕೇಳಲಿಲ್ಲ. ಎಂಟು ಸಾವಿರ ರೂಪಾಯಿ ಎಣಿಸಿಕೊಟ್ಟು ಬಂದೆವು. ಎರಡು ತಿಂಗಳ ಮೇಲೆ ಹೋಗಿ ನೋಡಿದರೆ ಹಲಗೆಯೂ ಇಲ್ಲ, ತರುಣನೂ ಇಲ್ಲ, ಬಾಗಿಲಿಗೆ ಬೀಗ. ಮನೆಯಲ್ಲಿ ಆ ಹಣದ ಮಾತು ಇಂದಿಗೂ ಹಬ್ಬದ ಖರ್ಚಿನ ಲೆಕ್ಕ ಬರೆಯುವಾಗ ತಪ್ಪದೆ ಬರುತ್ತದೆ.

ಕೆಳಗಿನ ಮೆಟ್ಟಿಲು ಹತ್ತದೆ ಮಹಡಿಯೇರುವಂತಿಲ್ಲವೆಂದು ಮನಗಂಡು, 2017ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹನ್ನೆರಡನೆಯ ತರಗತಿಗೆ ಹೆಸರು ಹಚ್ಚಿದೆವು. ಅಲ್ಲಿಯ ಪದ್ಧತಿ ನಮ್ಮಂಥವರಿಗೆಂದೇ ಮಾಡಿದ ಹಾಗಿದೆ. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷದ ಅವಧಿ, ಒಂಬತ್ತು ಸಲ ಪರೀಕ್ಷೆಗೆ ಕೂಡುವ ಅವಕಾಶ. ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು, ಗೆದ್ದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. ಹಿಂದಿಯಲ್ಲಿ ಓದಿ ಬರೆದೆವು. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದೆವು. ಮೂರನೆಯ ಸಲಕ್ಕೆ ಸಿದ್ಧರಾಗಿದ್ದಾಗ 2020ರ ಸಾಂಕ್ರಾಮಿಕ ಬಂದು ಊರೆಲ್ಲ ಕದವಿಕ್ಕಿತು. ಅಂತೂ 2021ರ ಕೊನೆಗೆ ಆ ಮೆಟ್ಟಿಲು ಹತ್ತಿದ್ದಾಯಿತು.

ಇನ್ನು ಪದವಿ. ನಮ್ಮೂರಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯ 1949ರದು, ದೊಡ್ಡ ಹೆಸರಿನದು. ಆದರೆ ಅದು ಹಗಲಿನ ಕಾಲೇಜು, ಅದರ ಭಾಷೆ ಇಂಗ್ಲಿಷು. ಅಹಮದಾಬಾದಿನಲ್ಲಿ 1994ರಿಂದ ಡಾಕ್ಟರ್ ಬಾಬಾಸಾಹೇಬ್ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯವಿದೆ, ಅಲ್ಲಿ ಗುಜರಾತಿ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರದು. ಅಲ್ಲಿ ಹೆಚ್ಚಾಗಿ ಹಿಂದಿ, ಇಂಗ್ಲಿಷು. ಬುದ್ಧಿವಂತರಾಗಿದ್ದರೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದೆವು. ಪರೀಕ್ಷೆಗೆ ಸಿಟಿ ಬಸ್ಸಿನಲ್ಲಿ ಹೋಗಿಬರಬಹುದಾಗಿತ್ತು. ಆದರೆ ಕನ್ನಡದ ಪಾಠ ಹೇಳಬೇಕೆನ್ನುವವನು ಕನ್ನಡವನ್ನು ಹಿಂದಿಯ ಮೂಲಕ ಓದಿಯಾನೆ? ಕನ್ನಡದಲ್ಲಿ ಓದಿ ಕನ್ನಡದಲ್ಲಿಯೇ ಪರೀಕ್ಷೆ ಬರೆಯಬೇಕಾದರೆ ಮೈಸೂರಿಗೇ ಕೈ ಚಾಚಬೇಕು. ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದೆವು. ಮನೆಯವರು, "ಅಲ್ರೀ, ಪರೀಕ್ಷಾಕ್ಕ ಪ್ರತಿ ಸಲ ಧಾರವಾಡಕ್ಕ ಹೋಗ್ತೀರೇನು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ, ಹೋದೆವು.

ಈ ಅಂಚೆಯ ಕಾಲೇಜಿನ ವಂಶಾವಳಿ ಹಳೆಯದು. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಹೊರಗೆ ಓದಿದವರಿಗೂ ತನ್ನ ಪರೀಕ್ಷೆಯನ್ನು ತೆರೆಯಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ಕೈಗೊಂಡದ್ದು 1969ರಲ್ಲಿ. ಇಂಗ್ಲೆಂಡಿನ ಪ್ರಸಿದ್ಧ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತದ್ದೂ ಅದೇ ವರ್ಷ. ಮೈಸೂರಿನ ಆ ವಿಭಾಗವೇ 1996ರಲ್ಲಿ ಬೇರೆಯ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಹಿಂದೆ, ಕುವೆಂಪು ಅವರು ಕುಲಪತಿಗಳಾಗಿದ್ದಾಗ ಪ್ರಸಾರಾಂಗವನ್ನು ಕಟ್ಟಿ, ವಿಶ್ವವಿದ್ಯಾನಿಲಯದ ವಿದ್ಯೆ ಕನ್ನಡದಲ್ಲಿ ಹಳ್ಳಿಗಳಿಗೆ ಹೋಗಬೇಕೆಂದು ದುಡಿದಿದ್ದರು.

ಹಾಗೆ ನೋಡಿದರೆ ನಮ್ಮ ಬರೋಡೆಗೂ ಈ ವಂಶಾವಳಿಯಲ್ಲಿ ಒಂದು ಸ್ಥಾನವುಂಟು. ಮೂರನೆಯ ಸಯಾಜಿರಾವ್ ಮಹಾರಾಜರು 1910ರಲ್ಲಿ ಅಮೆರಿಕೆಯಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞರನ್ನು ಕರೆಸಿದರು. ಸಂಸ್ಥಾನದಲ್ಲಿ ಊರೂರಿಗೆ ಗ್ರಂಥಾಲಯಗಳಾದವು. ಗ್ರಂಥಾಲಯವಿಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹೋಗುತ್ತಿದ್ದವು. ಓದಿ ಮುಗಿದ ಮೇಲೆ ಆ ಪೆಟ್ಟಿಗೆ ಹಿಂದಿರುಗಿ ಬೇರೊಂದು ಬರುತ್ತಿತ್ತು. ನೀವು ಮಕರಪುರದ ಅರಮನೆಯ ಗೋಡೆಯನ್ನು ಹಾದುಹೋಗುವಾಗ ಅವರ ಕುದುರೆ ಆನೆಗಳನ್ನಷ್ಟೇ ನೆನೆಯದೆ ಆ ಮರದ ಪೆಟ್ಟಿಗೆಗಳನ್ನೂ ನೆನೆಯಬೇಕೆಂದು ನಮ್ಮ ಕೋರಿಕೆ.

ನಮ್ಮ ಪೆಟ್ಟಿಗೆ ಬಂದದ್ದು ಒಂದು ಮಧ್ಯಾಹ್ನ. ನಾವು ಶಾಲೆಯಲ್ಲಿದ್ದೆವು. ಕೆಳಮನೆಯ ಗುಜರಾತಿ ಮುದುಕಿ, ನಾವು ಮಾಸಿ ಎಂದು ಕರೆಯುವವರು, ಸಹಿ ಹಾಕಿ ತೆಗೆದುಕೊಂಡಿದ್ದರು. ಸಂಜೆ ಓಣಿಯ ತುದಿಯಲ್ಲಿ ನಮ್ಮನ್ನು ಕಂಡೊಡನೆಯೇ, "ಮಾಸ್ತರ್, ತಮಾರಾ ಚೋಪಡಾ ಆವ್ಯಾ!" ಎಂದು ಕೂಗಿದರು. ಓಣಿಯ ಜನರೆಲ್ಲ ತಿರುಗಿ ನೋಡಿದರು. ಮೂವತ್ತು ದಾಟಿದ ಮೇಷ್ಟರಿಗೆ ಶಾಲೆಯ ಹುಡುಗನ ಹಾಗೆ ಪುಸ್ತಕ ಬಂದಿವೆಯೆಂದು ಆ ದಿನ ಇಡೀ ಓಣಿಗೆ ತಿಳಿಯಿತು. ನಾಚಿಕೆಯಾಯಿತೆ? ಆಯಿತು. ಆದರೆ ಮಾಸಿ ಆ ಕಟ್ಟನ್ನು ತಮ್ಮ ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅದನ್ನು ಕಂಡ ಮೇಲೆ ನಾಚಿಕೆಗೆ ಎಡೆಯಿರಲಿಲ್ಲ.

ಈ ಪುಸ್ತಕಗಳ ರೀತಿ ಬೇರೆ. ಪಾಠದ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತವೆ. ಮೇಷ್ಟರು ಎದುರಿಗಿಲ್ಲವಾದ್ದರಿಂದ ಪುಸ್ತಕವೇ ಮೇಷ್ಟರಾಗಬೇಕು. ಉತ್ತರ ಹಿಂದಿನ ಪುಟದಲ್ಲಿರುತ್ತದೆ, ಮೊದಲೇ ನೋಡಿದರೆ ಕೇಳುವವರಿಲ್ಲ. ನಾವು ಎಷ್ಟು ಸಲ ನೋಡಿದ್ದೇವೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಈಗಿನ ಕಾಲದಲ್ಲಿ ಉಪನ್ಯಾಸಗಳು ಫೋನಿನಲ್ಲಿಯೂ ದೊರೆಯುತ್ತವೆ. ಕೇಂದ್ರ ಸರ್ಕಾರದ ಸ್ವಯಂ ಎಂಬ ವ್ಯವಸ್ಥೆ 2017ರಿಂದ ಇದೆ. ಅಡಿಗೆಮನೆಯಲ್ಲಿ ಸಕ್ಕರೆಯ ಡಬ್ಬಿಗೆ ಫೋನನ್ನು ಒರಗಿಸಿಟ್ಟು ಕೇಳುತ್ತಿದ್ದೆವು. ಪ್ರಾಧ್ಯಾಪಕರು ನೃಪತುಂಗನ ಆಸ್ಥಾನವನ್ನು ವರ್ಣಿಸುತ್ತಿರುವಾಗ ಸಕ್ಕರೆ ಬೇಕಾಗುತ್ತಿತ್ತು.

ಓದುವುದು ಬೆಳಗಿನ ನಾಲ್ಕೂವರೆಗೆ. ಆ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ರಾತ್ರಿಯ ಪಾಳಿ ಇನ್ನೂ ನಡೆದಿರುತ್ತದೆ. ಪ್ರೆಸ್ ಯಂತ್ರದ ಬಡಿತ ಗೋಡೆಯಲ್ಲಿ ಕೇಳಿಸುತ್ತದೆ. ಛಂದಸ್ಸು ನಮಗೆ ತಲೆಗೆ ಹತ್ತದ ವಿಷಯ. ಹತ್ತಿರ ಕೇಳುವವರಿದ್ದರೆ ಅರ್ಧ ಗಂಟೆಯಲ್ಲಿ ಬಗೆಹರಿಯುವ ಗಂಟು ನಮಗೆ ಒಂದು ವಾರ ಹಿಡಿಯಿತು. ದೂರಶಿಕ್ಷಣದ ನಿಜವಾದ ಕಷ್ಟ ಇದೇ: ಪಕ್ಕದ ಬೆಂಚಿನವನಿಲ್ಲ. ಕೊನೆಗೆ ಒಂದು ಬೆಳಗ್ಗೆ, ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳನ್ನು ಮೇಜಿನ ಮೇಲೆ ಕುಟ್ಟುತ್ತ ಕುಳಿತಿದ್ದಾಗ, ಗೋಡೆಯಾಚೆಯ ಯಂತ್ರವೂ ಅದನ್ನೇ ಬಡಿಯುತ್ತಿರುವಂತೆ ಕಿವಿಗೆ ಬಿತ್ತು. ಅಂದಿನಿಂದ ತಪ್ಪಲಿಲ್ಲ. ಮರುದಿನ ನಿಮಗೂ ಹಾಗೆಯೇ ಮೇಜು ಕುಟ್ಟಿಸಿದ್ದು ನೆನಪಿರಬಹುದು. ಪಕ್ಕದ ತರಗತಿಯವರು ಬಂದು ಆಕ್ಷೇಪಿಸಿದ್ದೂ ನೆನಪಿರಬಹುದು.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆವು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಕವಿರಾಜಮಾರ್ಗ ಹೇಳುತ್ತದೆಯಷ್ಟೆ. ನಾವಿರುವುದು ಗೋದಾವರಿಯನ್ನು ದಾಟಿ, ತಾಪಿಯನ್ನು ದಾಟಿ, ನರ್ಮದೆಯನ್ನೂ ದಾಟಿದ ಮೇಲೆ. ಆ ಪಾಠವನ್ನು ಓದುವಾಗ, ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕೂರಿಸಿದ ಹಾಗೆ ಮನಸ್ಸು ಸಣ್ಣದಾಯಿತು. ಆಮೇಲೆ ಇತಿಹಾಸದ ಪುಸ್ತಕ ತೆರೆದರೆ ಬೇರೆಯೇ ಕಥೆ. ರಾಷ್ಟ್ರಕೂಟರ ಒಂದು ಶಾಖೆ ಗುಜರಾತಿನ ಈ ಲಾಟ ದೇಶವನ್ನು ಆಳುತ್ತಿತ್ತು. ಆ ಶಾಖೆಯ ಕರ್ಕರಾಜನು ಸಾ.ಶ. 812ರ ತಾಮ್ರಶಾಸನದಲ್ಲಿ ವಡಪದ್ರಕವೆಂಬ ಊರನ್ನು ದಾನ ಕೊಟ್ಟಿದ್ದಾನೆ. ಆ ವಡಪದ್ರಕವೇ ಇಂದಿನ ವಡೋದರಾ. ಮುಂದೆ ಬಾಲಕನಾದ ಅಮೋಘವರ್ಷ ನೃಪತುಂಗನ ಸಿಂಹಾಸನ ಅಲುಗಿದಾಗ ನೆರವಿಗೆ ನಿಂತವನೂ ಈ ಕರ್ಕನೇ. ಅಂದರೆ ಕವಿರಾಜಮಾರ್ಗ ಹುಟ್ಟಿದ ಆಸ್ಥಾನವನ್ನು ಉಳಿಸುವುದರಲ್ಲಿ ನಮ್ಮ ಊರಿನ ಕಡೆಯವರದೂ ಒಂದು ಕೈಯಿತ್ತು! ಅಂದು ನಾವು ತರಗತಿಗೆ ಸ್ವಲ್ಪ ಎದೆಯುಬ್ಬಿಸಿಯೇ ಬಂದೆವು.

ಪರೀಕ್ಷೆಗೆ ಹೋಗುವುದು ಅಜ್ಮೇರ್–ಮೈಸೂರು ಗಾಡಿಯಲ್ಲಿ. ಅದು ಮಕರಪುರದ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಉತ್ತರಕ್ಕೆ ವಡೋದರಾ ಸ್ಟೇಶನ್ನಿಗೆ ಹೋಗಿ ಹತ್ತಿ, ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ನಮ್ಮ ಮನೆಯ ಹತ್ತಿರವೇ ಹಾದು ದಕ್ಷಿಣಕ್ಕೆ ಹೋಗಬೇಕು. ಮಕರಪುರ ಕಿಟಕಿಯಲ್ಲಿ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಧಾರವಾಡದ ಪರೀಕ್ಷೆಯ ಕೋಣೆಯಲ್ಲಿ ನಮ್ಮ ಮುಂದೆ ಒಬ್ಬ ಪೋಲೀಸರು, ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ತಾಯಿ. ಆಕೆ, "ಎಷ್ಟನೇ ವರ್ಷರಿ ತಮ್ಮಾ?" ಎಂದು ವಿಚಾರಿಸಿದರು. "ಮೊದಲನೇದು ಅಕ್ಕಾರ" ಎಂದೆವು. "ನನ್ನ ಮಗಳ ಬಿ.ಎ. ಮುಗಿಸ್ಯಾಳ. ಅಕಿ ಗುರುತು ಹಾಕಿದ ಪುಸ್ತಕಾನ ಓದಾಕತ್ತೀನಿ" ಎಂದು ನಕ್ಕರು. ಮರುವರ್ಷ ನಾವು ಹೋಗಲಾಗಲಿಲ್ಲ. ಮಗಳಿಗೆ ವಿಷಮಶೀತ ಜ್ವರ ಬಂದು ಆಸ್ಪತ್ರೆಯಲ್ಲಿದ್ದಳು. ಟಿಕೆಟ್ಟನ್ನು ಹಿಂದಿರುಗಿಸಿ ಅವಳ ಹಾಸಿಗೆಯ ಬಳಿ ಕುಳಿತೆವು. ಒಂದು ವರ್ಷ ಹೋಯಿತು, ಮಗಳು ಉಳಿದಳು.

ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾಲೇಜಿಗೆ ಹೋಗುವ ಅನುಕೂಲವಿದ್ದವರು ಕಾಲೇಜಿಗೇ ಹೋಗಿರಿ. ಅಂಚೆಯ ಕಾಲೇಜು ಅದಿಲ್ಲದವರ ದಾರಿ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಮೊದಲಾದುವನ್ನು ದೂರಶಿಕ್ಷಣದಲ್ಲಿ ಕಲಿಸುವಂತಿಲ್ಲ. ಕಲಿಸುವೆವೆಂದು ಯಾರಾದರೂ ಹೇಳಿದರೆ ನಮ್ಮ ಎಂಟು ಸಾವಿರವನ್ನು ನೆನೆಯಿರಿ. ಹಣ ಕಟ್ಟುವ ಮೊದಲು ಆ ವರ್ಷಕ್ಕೆ, ಆ ವಿಷಯಕ್ಕೆ ಯು.ಜಿ.ಸಿ.ಯ ಮಾನ್ಯತೆ ಇದೆಯೇ ಎಂದು ಅವರ ಪಟ್ಟಿಯಲ್ಲಿಯೇ ನೋಡಿಕೊಳ್ಳಿರಿ. ಮಾನ್ಯತೆ ಇದ್ದ ಪದವಿ ಕಾಲೇಜಿನ ಪದವಿಗೆ ಸಮವೆಂದು 2020ರ ನಿಯಮಗಳು ಹೇಳುತ್ತವೆ. ನಮ್ಮ ಮಟ್ಟಿಗೆ ಪದವಿ ಬಂದೊಡನೆ ಸಂಬಳದ ಪಟ್ಟಿ ಬದಲಾಗುವುದಿಲ್ಲ. ಅದರ ಮೇಲೆ ಬಿ.ಎಡ್. ಬೇಕು. ಅದರ ಯೋಚನೆಯನ್ನು ಮನೆಯಲ್ಲಿ ಇನ್ನೂ ಬಾಯಿಬಿಟ್ಟು ಹೇಳಿಲ್ಲ; ಈ ಸಂಚಿಕೆ ಮನೆಗೆ ಹೋದರೆ ತಿಳಿಯುತ್ತದೆ.

ಈಗ ಕೊನೆಯ ವರ್ಷ. ಹಾಜರಿ ಪುಸ್ತಕದ ಆ ಹುಡುಗನ ಅಣ್ಣ ಒಂದು ಬೇರಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊನ್ನೆ ಸಂಜೆ ಕೈಯಲ್ಲಿ ಗ್ರೀಸು ಇದ್ದ ಹಾಗೆಯೇ ಬಂದು, ಹನ್ನೆರಡನೆಯ ತರಗತಿಯ ಅರ್ಜಿಯ ವಿಚಾರ ಕೇಳಿದನು. ಕಾಗದಕ್ಕೆ ಕರೆಯಾದೀತೆಂದು ನಾವೇ ಬರೆದುಕೊಟ್ಟೆವು. ಹೊರಡುವಾಗ, ನಮ್ಮ ಗಾಡಿ ಯಾವ ದಿನವೆಂದು ತಿಳಿದುಕೊಂಡನು. ತಮ್ಮನೂ ಅವನೂ ಮಕರಪುರ ಸ್ಟೇಶನ್ನಿಗೆ ಬಂದು ನಿಲ್ಲುತ್ತಾರಂತೆ. ಗಾಡಿ ನಿಲ್ಲುವುದಿಲ್ಲಪ್ಪ ಎಂದು ಹೇಳಿದೆವು. "ಗೊತ್ತೈತ್ರಿ ಸರ. ನೀವು ಪ್ಲಾಟ್‌ಫಾರ್ಮಿನ ಕಡೆ ಕಿಟಕ್ಯಾಗ ಕುಂದರ್ರಿ" ಎಂದನು. ಅದು ಗಾಡಿಯ ಎಡಕ್ಕೋ ಬಲಕ್ಕೋ ಎಂದು ಈ ಭಾನುವಾರ ಹೋಗಿ ನೋಡಿಕೊಂಡು ಬರಬೇಕು.