ಯಾರ ದನಿ ಹೊರಗೆ ಹೋಗಬೇಕು?

ಲೈವ್ ಸ್ಟ್ರೀಮ್ ಮಾಡೋರಿಗೆ ಚಿತ್ರದ ಬಗ್ಗೆ ಇರುವ ಎಚ್ಚರ ಸದ್ದಿನ ಬಗ್ಗೆ ಇರೋದಿಲ್ಲ. ಚಿತ್ರ ಕಣ್ಣೆದುರಿಗೇ ಇರುತ್ತೆ. ಒಬಿಎಸ್‌ನ ಪ್ರಿವ್ಯೂ ಚೌಕದೊಳಗೆ ಕಂಡದ್ದು ನೋಡುಗರಿಗೆ ಹೋಗುತ್ತೆ, ಕಾಣದ್ದು ಹೋಗಲ್ಲ. ಸದ್ದಿಗೆ ಅಂಥ ಚೌಕವೇ ಇಲ್ಲ. ಕೆಳಗಡೆ ಹಸಿರು, ಹಳದಿ ಪಟ್ಟಿಯೊಂದು ಕುಣೀತಾ ಇರುತ್ತೆ, ಅಷ್ಟೆ. ಸದ್ದು ಎಷ್ಟು ಜೋರಾಗಿದೆ ಅಂತ ಅದು ಹೇಳುತ್ತೆ, ಯಾರದು ಅಂತ ಹೇಳಲ್ಲ.

ನಾವು ನಾಲ್ಕು ಜನ. ಇಬ್ಬರು ಇಸಿ, ಒಬ್ಬ ಸಿಎಸ್, ಒಬ್ಬ ಮೆಕ್ಯಾನಿಕಲ್. ಭಾನುವಾರ ಮೆಸ್‌ ಊಟ ಮುಗಿಸಿ, ಹಾಸ್ಟೆಲ್ ರೂಮಿನಿಂದ ಜಿಟಿಎ ಆನ್‌ಲೈನ್ ಆಡ್ತಾ ಕನ್ನಡದಲ್ಲಿ ಕಾಮೆಂಟರಿ ಹೇಳ್ತೀವಿ. ನೋಡೋರು ಇಪ್ಪತ್ತು, ಮೂವತ್ತು ಜನ. ಹೆಚ್ಚಿನವರು ನಮ್ಮ ಜೂನಿಯರ್‌ಗಳೇ, ಅಂದರೆ ಬಹುಶಃ ನೀವೇ. ಕಳೆದ ರಜೆಯಲ್ಲಿ ಮೂವರು ಇಂಟರ್ನ್‌ಶಿಪ್ ಅಂತ ಇಲ್ಲೇ ಉಳಿದೆವು, ನಾಲ್ಕನೆಯವನು ಊರಿಗೆ, ಬನಹಟ್ಟಿಗೆ ಹೋದ. ಆಟ ನಿಲ್ಲಿಸೋದು ಬೇಡ, ಡಿಸ್ಕಾರ್ಡ್‌ನಲ್ಲಿ ಮಾತಾಡ್ತಾ ಅವನು ಅಲ್ಲಿಂದಲೇ ಆಡಲಿ ಅಂತ ತೀರ್ಮಾನ ಆಯ್ತು. ಆಗ ಅವನು ಒಂದು ಷರತ್ತು ಹಾಕಿದ.

"ನಾ ಆಡ್ತೀನಿ. ಆದ್ರ ನನ್ನ ದನಿ ಹೊರಗ ಹೋಗಬಾರ್ದು ನೋಡ್ರಲೇ. ನನ್ನ ದನಿ ಹೋದ್ರ ಮನಿ ದನಿನೂ ಹೋಗ್ತದ."

ಅವನ ಮಾತು ಸರಿಯಾಗಿತ್ತು. ಅವನದು ನೇಕಾರರ ಮನೆ. ಮಗ್ಗ ಮನೆಯೊಳಗೇ ಇದೆ, ಕಂಪ್ಯೂಟರ್ ಪಡಸಾಲೆಯ ಮೂಲೆಯಲ್ಲಿದೆ. ಅವನು ಮೈಕ್ ಆನ್ ಮಾಡಿದರೆ ಹಿಂದೆ ಅವ್ವ ಯಾರ ಹತ್ತಿರವೋ ನೂಲಿನ ಬಾಕಿ ಲೆಕ್ಕ ಮಾತಾಡೋದು, ತಂಗಿಯ ಫೀಸಿನ ಮಾತು ಎಲ್ಲ ಕೇಳುತ್ತೆ. ನಾವು ಕೇಳಿಸಿಕೊಂಡರೆ ಅವನಿಗೆ ಬೇಜಾರಿಲ್ಲ, ನಾವು ಆ ಮನೆಯಲ್ಲಿ ರೊಟ್ಟಿ ತಿಂದವರು. ಆದರೆ ಅವನ ಅವ್ವನಿಗೆ ಮೂವತ್ತು ಜನ ಕೇಳ್ತಿದ್ದಾರೆ ಅನ್ನೋದೇ ಗೊತ್ತಿರಲ್ಲ. ಗೊತ್ತಿಲ್ಲದವರ ಮಾತನ್ನ ಪ್ರಸಾರ ಮಾಡೋಕೆ ನಾವ್ಯಾರು?

ನಾಯ್ಸ್ ಸಪ್ರೆಶನ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಒಬಿಎಸ್‌ನಲ್ಲಿರುವ ಆರ್‌ಎನ್‌ನಾಯ್ಸ್ ಫಿಲ್ಟರ್ ಒಂದು ನ್ಯೂರಲ್ ನೆಟ್‌ವರ್ಕ್. ಮನುಷ್ಯನ ಮಾತನ್ನ ಉಳಿಸಿ ಮಿಕ್ಕ ಗದ್ದಲ ತೆಗೆಯೋದು ಅದರ ಕೆಲಸ. ಅದು ಫ್ಯಾನ್ ಸದ್ದು ತಗ್ಗಿಸುತ್ತೆ, ಮಗ್ಗದ ಸದ್ದನ್ನೂ ಒಂದಿಷ್ಟು ತಗ್ಗಿಸಬಹುದು. ಅವ್ವನ ಮಾತು ಅದಕ್ಕೆ ಗದ್ದಲ ಅಲ್ಲ, ಅದೂ ಮಾತೇ. ನಾವು ಮುಚ್ಚಬೇಕಾಗಿದ್ದನ್ನೇ ಅದು ಜೋಪಾನವಾಗಿ ಉಳಿಸಿಕೊಡುತ್ತೆ.

ಹಾಗಾಗಿ ಬುಡದಿಂದ ಯೋಚನೆ ಮಾಡಬೇಕಾಯ್ತು. ಒಬಿಎಸ್‌ನಲ್ಲಿ 'ಡೆಸ್ಕ್‌ಟಾಪ್ ಆಡಿಯೋ' ಅನ್ನೋದು ಮೊದಲಿಂದಲೇ ಇರುತ್ತೆ. ಆಟ, ಡಿಸ್ಕಾರ್ಡ್, ಬ್ರೌಸರ್, ಮೇಲ್ ಬಂದಾಗಿನ ಟಿಂಗ್ ಸದ್ದು, ಎಲ್ಲವನ್ನೂ ವಿಂಡೋಸ್ ಕಲಸಿ ಹೆಡ್‌ಫೋನಿಗೆ ಕಳಿಸುತ್ತಲ್ಲ, ಆ ಕಲಸಿದ್ದರ ಒಂದು ಪ್ರತಿಯನ್ನ ಇದು ಎತ್ತಿಕೊಳ್ಳುತ್ತೆ. ಬಿಸಿಬೇಳೆ ಬಾತ್ ಆದಮೇಲೆ ಬೇಳೆ ಬೇರೆ, ಅಕ್ಕಿ ಬೇರೆ ಮಾಡೋಕಾಗುತ್ತಾ? ಕಲಸೋಕೆ ಮುಂಚೆಯೇ ಬೇರೆ ಇಡಬೇಕು.

ಮೊದಲೆಲ್ಲ ಇದಕ್ಕೆ ವರ್ಚುವಲ್ ಕೇಬಲ್ ಅನ್ನೋ ತಂತ್ರಾಂಶ ಹಾಕ್ಕೊಂಡು, ಇಲ್ಲದ ಸೌಂಡ್ ಕಾರ್ಡನ್ನ ಇದೆ ಅಂತ ವಿಂಡೋಸನ್ನ ನಂಬಿಸಿ, ಒಂದೊಂದು ಪ್ರೋಗ್ರಾಮನ್ನೂ ಒಂದೊಂದು ದಾರಿಗೆ ಹಚ್ಚಬೇಕಿತ್ತು. 2022ರಲ್ಲಿ ಬಂದ ಒಬಿಎಸ್ 28ರಿಂದ ವಿಂಡೋಸ್‌ನಲ್ಲಿ 'ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್' ಅನ್ನೋ ಸೋರ್ಸ್ ಇದೆ. ಯಾವ ಪ್ರೋಗ್ರಾಮಿನ ಸದ್ದು ಬೇಕೋ ಅದೊಂದನ್ನೇ ಆರಿಸಬಹುದು. ಲಿನಕ್ಸ್‌ನವರಿಗೆ ಪೈಪ್‌ವೈರ್ ಇದೆ. ಯಾವ ತಂತಿ ಎಲ್ಲಿಗೆ ಅಂತ ನಮ್ಮ ಲ್ಯಾಬಿನ ಬ್ರೆಡ್‌ಬೋರ್ಡ್ ಥರ ಎಳೆದು ಸೇರಿಸಬಹುದು.

ನಾವು ಮಾಡಿದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಆಡಿಯೋಗೆ ಹೋಗಿ ಡೆಸ್ಕ್‌ಟಾಪ್ ಆಡಿಯೋವನ್ನ 'ಡಿಸೇಬಲ್ಡ್' ಮಾಡಿದೆವು. ಇದು ಮುಖ್ಯ. ಇದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರೆ ಆಟದ ಸದ್ದು ಎರಡೆರಡು ಸಲ ಹೋಗುತ್ತೆ, ಡಿಸ್ಕಾರ್ಡೂ ಹಿಂಬಾಗಿಲಿಂದ ಹೋಗುತ್ತೆ. ಆಮೇಲೆ ಆಟಕ್ಕೆ ಒಂದು ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್, ನಮ್ಮ ಮಾತಿಗೆ ಮೈಕ್. ಮೂರನೆಯದು ಇಲ್ಲ. ಡಿಸ್ಕಾರ್ಡ್ ನಮ್ಮ ಕಿವಿಗೆ ಬರುತ್ತೆ, ಪಟ್ಟಿಯಲ್ಲೇ ಇಲ್ಲವಾದ್ದರಿಂದ ಹೊರಗೆ ಹೋಗಲ್ಲ. ಸ್ಪೀಕರ್ ಬಂದ್ ಮಾಡಿ ಮೂವರೂ ಹೆಡ್‌ಫೋನ್ ಹಾಕ್ಕೊಂಡೆವು. ಇಲ್ಲದಿದ್ದರೆ ತಂತ್ರಾಂಶದಲ್ಲಿ ತಡೆದ ದನಿ ಗಾಳಿಯಲ್ಲಿ ಬಂದು ನಮ್ಮ ಮೈಕಿಗೇ ಬೀಳುತ್ತೆ.

ಬ್ರೌಸರ್ ಸದ್ದು ಬೇಕಾದವರು ಇನ್ನೊಂದು ವಿಷಯ ನೆನಪಿಡಿ. ಕ್ಯಾಪ್ಚರ್ ಪ್ರೋಗ್ರಾಮನ್ನ ಹಿಡಿಯುತ್ತೆ, ಟ್ಯಾಬನ್ನಲ್ಲ. ವಿಡಿಯೋ ಒಂದು ಟ್ಯಾಬಿನಲ್ಲಿ, ವಾಟ್ಸಾಪ್ ವೆಬ್ ಇನ್ನೊಂದರಲ್ಲಿ ಇದ್ದರೆ ಎರಡೂ ಹೋಗುತ್ತೆ. ನೋಡುಗರಿಗೆ ತೋರಿಸೋಕೆ ಒಂದು ಬ್ರೌಸರ್, ಸ್ವಂತಕ್ಕೆ ಇನ್ನೊಂದು ಇಟ್ಟುಕೊಳ್ಳಿ.

ಆಟದೊಳಗಿನ ಹಾಡಿನ ಕಥೆಯೇ ಬೇರೆ. ಜಿಟಿಎಯಲ್ಲಿ ಕಾರು ಹತ್ತಿದರೆ ರೇಡಿಯೋ, ರೇಡಿಯೋದಲ್ಲಿ ನಿಜವಾದ ಹಾಡುಗಳು. ಯೂಟ್ಯೂಬ್‌ನ ಕಂಟೆಂಟ್ ಐಡಿ ಅವನ್ನ ಗುರುತು ಹಿಡಿಯಬಲ್ಲದು. ಇಲ್ಲಿ ಒಬಿಎಸ್ ಕೈಲೂ ಏನೂ ಆಗಲ್ಲ, ಯಾಕಂದರೆ ಆಟ ತನ್ನೊಳಗೇ ಗುಂಡಿನ ಸದ್ದು, ಹಾಡು ಎರಡನ್ನೂ ಕಲಸಿ ಕೊಡುತ್ತೆ. ಅದನ್ನ ಆಟದಲ್ಲೇ ಆಫ್ ಮಾಡಬೇಕು. ಸೈಬರ್‌ಪಂಕ್ 2077ರಂಥ ಆಟದಲ್ಲಿ ಹಕ್ಕಿರುವ ಹಾಡುಗಳನ್ನ ತೆಗೆಯೋಕೆ ಅಂತಲೇ ಆಯ್ಕೆ ಕೊಟ್ಟಿದ್ದಾರೆ. ನಾವು ರೇಡಿಯೋ ಆಫ್ ಮಾಡಿ ಓಡಿಸ್ತೀವಿ.

ರೆಕಾರ್ಡಿಂಗ್ ವಿಷಯದಲ್ಲಿ ಮಾತ್ರ ನಮ್ಮೊಳಗೇ ಸಣ್ಣ ವಾದ ಆಯ್ತು. ಒಬಿಎಸ್‌ನಲ್ಲಿ ಆರು ಆಡಿಯೋ ಟ್ರ್ಯಾಕ್ ಇವೆ. ಡಿಸ್ಕಾರ್ಡನ್ನೂ ಸೇರಿಸಿ, 'ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್'ನಲ್ಲಿ ಅದಕ್ಕೆ ಮೂರನೇ ಟ್ರ್ಯಾಕ್ ಮಾತ್ರ ಟಿಕ್ ಮಾಡಿ, ಲೈವ್‌ಗೆ ಒಂದನೇ ಟ್ರ್ಯಾಕ್ ಕಳಿಸಿದರೆ, ಅವನ ದನಿ ಪ್ರಸಾರ ಆಗದೆ ಫೈಲಿನಲ್ಲಿ ಮಾತ್ರ ಉಳಿಯುತ್ತೆ. ಆಮೇಲೆ ಕ್ಲಿಪ್ ಮಾಡುವಾಗ ಅವನ ಜೋಕುಗಳನ್ನ ಹಾಕಬಹುದಲ್ಲ ಅಂತ ಒಬ್ಬ ಅಂದ. "ಕೇಳೋಣ ಅವನನ್ನೇ" ಅಂತ ಇನ್ನೊಬ್ಬ. ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೈಲಿಗೂ ಕಿವಿ ಇರ್ತಾವ್ಲೇ, ಬ್ಯಾಡ" ಅಂದ. ಅಲ್ಲಿಗೆ ಮುಗೀತು. ಮೂರನೇ ಟ್ರ್ಯಾಕ್ ಖಾಲಿ.

ಇದರಿಂದ ಕಷ್ಟವೂ ಇದೆ. ನೋಡುಗರಿಗೆ ನಾವು ಯಾರಿಗೋ ಉತ್ತರ ಕೊಡೋದು ಮಾತ್ರ ಕೇಳುತ್ತೆ, ಪ್ರಶ್ನೆ ಕೇಳಲ್ಲ. ಬಸ್ಸಿನಲ್ಲಿ ಪಕ್ಕದವರ ಫೋನ್ ಮಾತು ಕೇಳಿದ ಹಾಗೆ. ಅದಕ್ಕೆ ಅವನು ಹೇಳಿದ್ದನ್ನ ನಾವು ಒಮ್ಮೆ ಬಾಯಿಬಿಟ್ಟು ಹೇಳ್ತೀವಿ: "ಬ್ರಿಡ್ಜ್ ಕೆಳಗೆ ಇಬ್ಬರು ಇದ್ದಾರಂತೆ ಗುರೂ." ಅವನ ಜೋಕು ನಮ್ಮ ಬಾಯಲ್ಲಿ ಅರ್ಧ ಸಪ್ಪೆ ಆಗುತ್ತೆ, ನಿಜ. ಅದು ಆ ಮನೆಯ ಬಾಗಿಲು ಮುಚ್ಚಿಡೋಕೆ ನಾವು ಕೊಡೋ ಬೆಲೆ. ದುಬಾರಿ ಅಂತ ನಮಗೆ ಅನಿಸಿಲ್ಲ.

ಯಾವ ಸದ್ದನ್ನ ತಡೀಬೇಕು ಅಂತ ಪಟ್ಟಿ ಮಾಡ್ತಾ ಹೋದರೆ ಒಂದಲ್ಲ ಒಂದು ತಪ್ಪಿಸಿಕೊಳ್ಳುತ್ತೆ. ಎಲ್ಲ ಬಂದ್ ಮಾಡಿ, ಒಪ್ಪಿದವರ ಸದ್ದನ್ನ ಒಂದೊಂದಾಗಿ ಒಳಗೆ ಬಿಡಿ. ಲೈವ್ ಹೋಗೋಕೆ ಮುಂಚೆ ಎರಡು ನಿಮಿಷ ರೆಕಾರ್ಡ್ ಮಾಡಿ, ಡಿಸ್ಕಾರ್ಡ್‌ನಲ್ಲಿ ಗೆಳೆಯನಿಗೆ ಮಾತಾಡೋಕೆ ಹೇಳಿ, ಒಂದು ಮೆಸೇಜ್ ಹಾಕಿಸಿಕೊಳ್ಳಿ. ಆಮೇಲೆ ಮಾನಿಟರ್ ಆಫ್ ಮಾಡಿ ಆ ಫೈಲನ್ನ ಬರೀ ಕಿವಿಯಲ್ಲಿ ಕೇಳಿ. ಕೇಳಿಸೋ ಒಂದೊಂದು ದನಿಗೂ ಅದು ಯಾರದು, ಅವರಿಗೆ ಗೊತ್ತಾ ಅಂತ ಕೇಳಿಕೊಳ್ಳಿ. ಉತ್ತರ ಹೊಳೆಯದ ದನಿ ಇದ್ದರೆ ಲೈವ್ ಬಟನ್ ಇನ್ನೂ ಐದು ನಿಮಿಷ ಕಾಯಲಿ.